ರಾಮ್ ಗೋಪಾಲ್ (ನೃತ್ಯ ಕಲಾವಿದ)

ರಾಮ್ ಗೋಪಾಲ್ (ನವೆಂಬರ್ 20, 1912 – ಅಕ್ಟೋಬರ್ 12, 2003) ಬೆಂಗಳೂರಿನಲ್ಲಿ ಜನಿಸಿದ ಭಾರತೀಯ ನೃತ್ಯ ಕಲಾವಿದರು ಹಾಗೂ ನೃತ್ಯ ಸಂಯೋಜಕರು. ಇವರ ಪೂರ್ಣ ಹೆಸರು ಬಿಸ್ಸಾನೋ ರಾಮ್ ಗೋಪಾಲ್. ಕಥಕಳಿ, ಭರತನಾಟ್ಯ ಮತ್ತು ಕಥಕ್ ಶೈಲಿಗಳನ್ನು ಗುರುಮುಖೇನ ಕಲಿತು, ಅವುಗಳನ್ನು ಆಧುನಿಕ ರಂಗಮಂದಿರಕ್ಕೆ ಹೊಂದುವಂತೆ ಸಂಯೋಜಿಸಿ, 1930ರ ದಶಕದಿಂದ ಏಷ್ಯಾ, ಯುರೋಪ್ ಮತ್ತು ಅಮೆರಿಕಗಳಲ್ಲಿ ಪ್ರದರ್ಶಿಸಿದರು. ಉದಯ ಶಂಕರ್ ಅವರೊಂದಿಗೆ, ಭಾರತೀಯ ನೃತ್ಯವನ್ನು ಪಾಶ್ಚಾತ್ಯ ಜಗತ್ತಿಗೆ ಪರಿಚಯಿಸಿದ ಮೊದಲಿಗರಲ್ಲಿ ಇವರ ಹೆಸರನ್ನು ಹೇಳಲಾಗುತ್ತದೆ.

ರಾಮ್ ಗೋಪಾಲ್ ಅವರು ಹೆಚ್ಚಾಗಿ ಏಕವ್ಯಕ್ತಿ ನರ್ತಕರೆಂದೇ ಪ್ರಸಿದ್ಧರು. ಆದರೆ ಅವರ ಹೆಸರಿನ ನೃತ್ಯ ತಂಡವು ಅನೇಕರ ಸಹಯೋಗದಿಂದ ರೂಪುಗೊಂಡಿತು. ಅಮೆರಿಕದ ನರ್ತಕಿ ಲಾ ಮೇರಿ, ಕಥಕಳಿ ಗುರು ಕುಂಜು ಕುರುಪ್, ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೈ, ಕಥಕ್ ಗುರು ಸೋಹನ್‌ಲಾಲ್, ಸಹನರ್ತಕಿಯರಾದ ಮೃಣಾಲಿನಿ ಸಾರಾಭಾಯಿ, ತಾರಾ ಚೌಧರಿ ಮತ್ತು ಕುಮುದಿನಿ ಲಾಖಿಯಾ, ಇಂಗ್ಲೆಂಡಿನ ಬ್ಯಾಲೆ ಕಲಾವಿದೆ ಅಲಿಸಿಯಾ ಮಾರ್ಕೋವಾ ಮೊದಲಾದವರು ವಿವಿಧ ಹಂತಗಳಲ್ಲಿ ಅವರೊಂದಿಗೆ ದುಡಿದರು. ಅವರು ಕಟ್ಟಿದ ಶಾಲೆ ಮತ್ತು ತಂಡಗಳು ಅವರ ನಂತರ ಉಳಿಯಲಿಲ್ಲ. ಆದರೆ ಅವುಗಳ ಸಂಪರ್ಕದಲ್ಲಿ ಬೆಳೆದವರು ಮುಂದೆ ದೇಶದ ಪ್ರಮುಖ ನೃತ್ಯಸಂಸ್ಥೆಗಳನ್ನು ಸ್ಥಾಪಿಸಿದರು.

ಜನನ ಮತ್ತು ಬಾಲ್ಯ

ರಾಮ್ ಗೋಪಾಲ್ ಅವರು ಬೆಂಗಳೂರಿನಲ್ಲಿ ಜನಿಸಿದರು. ತಂದೆ ರಜಪೂತ ಮನೆತನದ ಬ್ಯಾರಿಸ್ಟರ್; ತಾಯಿ ಬರ್ಮಾ ಮೂಲದವರು. ಕುಟುಂಬವು ಟಾರ್ಕ್ವೇ ಕ್ಯಾಸಲ್ ಎಂಬ ವಿಶಾಲವಾದ ಬಂಗಲೆಯಲ್ಲಿ ವಾಸವಾಗಿತ್ತು. ಎರಡು ಸಂಸ್ಕೃತಿಗಳ ಮನೆಯಲ್ಲಿ, ದಂಡುಪ್ರದೇಶದ ಇಂಗ್ಲಿಷ್ ವಾತಾವರಣದ ಸಮೀಪದಲ್ಲಿ ಬೆಳೆದ ಬಾಲಕನಿಗೆ ಎಳವೆಯಲ್ಲಿಯೇ ನೃತ್ಯದ ಸೆಳೆತ ಉಂಟಾಯಿತು.

ಆ ಕಾಲದಲ್ಲಿ ಸುಶಿಕ್ಷಿತ ಹಾಗೂ ಅನುಕೂಲಸ್ಥ ಮನೆತನದ ಹುಡುಗನೊಬ್ಬ ನೃತ್ಯವನ್ನು ವೃತ್ತಿಯಾಗಿ ಆರಿಸಿಕೊಳ್ಳುವುದು ಸಾಮಾನ್ಯ ಸಂಗತಿಯಾಗಿರಲಿಲ್ಲ. ದೇವಾಲಯಗಳಲ್ಲಿ ಮತ್ತು ಅರಮನೆಗಳಲ್ಲಿ ನೃತ್ಯವನ್ನು ಉಳಿಸಿಕೊಂಡು ಬಂದಿದ್ದ ದೇವದಾಸಿಯರ ಬಗ್ಗೆ ಸಮಾಜದಲ್ಲಿ ತಿರಸ್ಕಾರ ಬೆಳೆದಿತ್ತು. ಮೈಸೂರು ಸಂಸ್ಥಾನವು 1909ರಲ್ಲಿಯೇ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ನೃತ್ಯವೆಂದರೆ ಹೆಂಗಸರ ಕಲೆ, ಅದರಲ್ಲಿಯೂ ಗೌರವಸ್ಥರಿಗೆ ಸಲ್ಲದ ಕಲೆ ಎಂಬ ಭಾವನೆ ಬಲವಾಗಿತ್ತು. ನ್ಯಾಯವಾದಿಯಾಗಿದ್ದ ತಂದೆಯವರು ಮಗನ ಆಸೆಯನ್ನು ವಿರೋಧಿಸಿದರು.

ಈ ಸಂದರ್ಭದಲ್ಲಿ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರು ರಾಮ್ ಗೋಪಾಲ್ ಅವರ ನೆರವಿಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರರಾಗಿದ್ದ ಯುವರಾಜರು ಕಲಾಭಿಮಾನಿಗಳಾಗಿದ್ದರು. ಹುಡುಗನ ನೃತ್ಯವನ್ನು ಕಂಡು ಮೆಚ್ಚಿದ ಅವರು ಅವನಿಗೆ ಬೆಂಬಲ ನೀಡಿದರು. ಮನೆಯ ವಿರೋಧದ ನಡುವೆಯೂ ರಾಮ್ ಗೋಪಾಲ್ ಅವರು ನೃತ್ಯಶಿಕ್ಷಣವನ್ನು ಮುಂದುವರಿಸಲು ಅರಮನೆಯ ಈ ಆಶ್ರಯ ನೆರವಾಯಿತು.

ಹಿನ್ನೆಲೆ

ರಾಮ್ ಗೋಪಾಲ್ ಅವರು ರಂಗಕ್ಕೆ ಬಂದ ಕಾಲವು ಭಾರತೀಯ ನೃತ್ಯದ ಇತಿಹಾಸದಲ್ಲಿ ದೊಡ್ಡ ಬದಲಾವಣೆಗಳ ಕಾಲವಾಗಿತ್ತು. 1923ರಲ್ಲಿ ಲಂಡನ್ನಿನಲ್ಲಿ ರಷ್ಯಾದ ಬ್ಯಾಲೆ ಕಲಾವಿದೆ ಅನ್ನಾ ಪಾವ್ಲೋವಾ ಅವರೊಂದಿಗೆ ರಾಧಾ–ಕೃಷ್ಣರ ನೃತ್ಯವನ್ನು ಪ್ರದರ್ಶಿಸಿದ್ದ ಉದಯ ಶಂಕರ್ ಅವರು, 1931ರಲ್ಲಿ ಪ್ಯಾರಿಸ್ಸಿನಲ್ಲಿ ತಮ್ಮದೇ ತಂಡದ ಪ್ರದರ್ಶನ ನೀಡಿದ್ದರು. ಕೇರಳದಲ್ಲಿ ಕವಿ ವಳ್ಳತ್ತೋಳ್ ನಾರಾಯಣ ಮೇನನ್ ಅವರ ಮುಂದಾಳತ್ವದಲ್ಲಿ 1930ರಲ್ಲಿ ಕಲಾಮಂಡಲಂ ಆರಂಭವಾಯಿತು. ಮದರಾಸಿನಲ್ಲಿ ರುಕ್ಮಿಣಿದೇವಿ ಅರುಂಡೇಲ್ ಅವರು 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದರು.

ಕರ್ನಾಟಕದಲ್ಲಿ ಆಗ ಕಂಪನಿ ಎಂದೊಡನೆ ಜನರ ನೆನಪಿಗೆ ಬರುತ್ತಿದ್ದುದು ನಾಟಕದ ಕಂಪನಿಗಳೇ. ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಗುಬ್ಬಿ ವೀರಣ್ಣನವರ ಕಂಪನಿ ಮೊದಲಾದವು ಊರಿಂದೂರಿಗೆ ಸಂಚರಿಸುತ್ತಿದ್ದವು. ಹುಬ್ಬಳ್ಳಿ–ಧಾರವಾಡದಂತಹ ನಗರಗಳಲ್ಲಿ ಅವುಗಳ ಆಟಗಳಿಗೆ ದೊಡ್ಡ ಪ್ರೇಕ್ಷಕವರ್ಗವಿತ್ತು. ಅಲ್ಲಿ ಸಂಗೀತ, ಅಭಿನಯ, ರಂಗಸಜ್ಜಿಕೆ ಎಲ್ಲವೂ ಇದ್ದವು. ಆದರೆ ನೃತ್ಯವು ನಾಟಕದ ಒಂದು ಅಂಗ ಮಾತ್ರವಾಗಿತ್ತು. ನೃತ್ಯವನ್ನೇ ಮುಖ್ಯವಾಗಿಟ್ಟುಕೊಂಡು, ಬೇರೆ ಬೇರೆ ಪ್ರಾಂತಗಳ ಶೈಲಿಗಳನ್ನು ಒಂದೇ ರಂಗಕ್ಕೆ ತಂದು, ಹಾಡುಗಾರರು ಮತ್ತು ವಾದ್ಯಗಾರರೊಂದಿಗೆ ದೇಶವಿದೇಶಗಳಲ್ಲಿ ಸಂಚರಿಸುವ ತಂಡವನ್ನು ಬೆಂಗಳೂರಿನಿಂದ ಕಟ್ಟುವುದು ಹೊಸ ಸಾಹಸವೇ ಆಗಿತ್ತು.

ಲಾ ಮೇರಿ ಅವರೊಂದಿಗೆ ಮೊದಲ ಪ್ರವಾಸ

ರಾಮ್ ಗೋಪಾಲ್ ಅವರ ವೃತ್ತಿಜೀವನದ ಮೊದಲ ಮಹತ್ವದ ಸಹಯೋಗ ಲಾ ಮೇರಿ ಅವರೊಂದಿಗೆ ನಡೆಯಿತು. ಲಾ ಮೇರಿ ಎಂಬುದು ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಜನಿಸಿದ ರಸೆಲ್ ಮೆರಿವೆದರ್ ಹ್ಯೂಸ್ ಅವರ ರಂಗನಾಮ. ಅವರು ಬೇರೆ ಬೇರೆ ದೇಶಗಳ ಪಾರಂಪರಿಕ ನೃತ್ಯಗಳನ್ನು ಆಯಾ ದೇಶಗಳಲ್ಲಿಯೇ ಕಲಿತು ಪ್ರದರ್ಶಿಸುತ್ತಿದ್ದರು. 1936–37ರ ಅವಧಿಯಲ್ಲಿ ಭಾರತಕ್ಕೆ ಬಂದ ಲಾ ಮೇರಿ ಅವರು ತರುಣ ರಾಮ್ ಗೋಪಾಲ್ ಅವರನ್ನು ತಮ್ಮ ಸಹನರ್ತಕರನ್ನಾಗಿ ಆರಿಸಿಕೊಂಡರು. ಇಬ್ಬರೂ ಆಗ್ನೇಯ ಏಷ್ಯಾದ ದೇಶಗಳಲ್ಲಿ ಸಂಚರಿಸಿ ಜಪಾನಿನವರೆಗೆ ಪ್ರದರ್ಶನಗಳನ್ನು ನೀಡಿದರು.

ಈ ಪ್ರವಾಸವು ರಾಮ್ ಗೋಪಾಲ್ ಅವರಿಗೆ ವೃತ್ತಿಪರ ರಂಗಭೂಮಿಯ ಪರಿಚಯ ಮಾಡಿಸಿತು. ಗೊತ್ತಾದ ಸಮಯಕ್ಕೆ ತೆರೆ ಏಳುವುದು, ಒಂದು ನೃತ್ಯಕ್ಕೂ ಮತ್ತೊಂದಕ್ಕೂ ನಡುವೆ ಉಡುಪು ಬದಲಿಸುವುದು, ಬೆಳಕಿನ ಬಳಕೆ, ಭಾಷೆ ತಿಳಿಯದ ಪ್ರೇಕ್ಷಕರ ಮುಂದೆ ನರ್ತಿಸುವುದು ಇಂತಹ ಪ್ರವಾಸದ ದಿನನಿತ್ಯದ ಕೆಲಸಗಳು. ಗುರುಕುಲದಲ್ಲಿ ದೊರೆಯದ ಈ ಅನುಭವವು ಮುಂದೆ ಸ್ವಂತ ತಂಡ ಕಟ್ಟಿದಾಗ ಅವರ ಉಪಯೋಗಕ್ಕೆ ಬಂದಿತು.

ಜಪಾನಿನಲ್ಲಿ ಇಬ್ಬರ ದಾರಿಗಳು ಬೇರೆಯಾದವು. ಲಾ ಮೇರಿ ಅವರು 1940ರಲ್ಲಿ ನ್ಯೂಯಾರ್ಕಿನಲ್ಲಿ ರೂತ್ ಸೇಂಟ್ ಡೆನಿಸ್ ಅವರೊಂದಿಗೆ ಸೇರಿ ನಾಟ್ಯಶಾಲೆಯನ್ನು ಆರಂಭಿಸಿ, ಅಮೆರಿಕದಲ್ಲಿ ಭಾರತೀಯ ನೃತ್ಯದ ಬೋಧನೆಗೆ ತಳಹದಿ ಹಾಕಿದರು. ರಾಮ್ ಗೋಪಾಲ್ ಅವರು ಸ್ವತಂತ್ರವಾಗಿ ಅಮೆರಿಕಕ್ಕೆ ತೆರಳಿ, 1938ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನ ನೀಡಿದರು. ಅಲ್ಲಿ ಛಾಯಾಗ್ರಾಹಕ ಕಾರ್ಲ್ ವ್ಯಾನ್ ವೆಕ್ಟನ್ ಅವರು ತೆಗೆದ ರಾಮ್ ಗೋಪಾಲ್ ಅವರ ಭಾವಚಿತ್ರಗಳು ಇಂದಿಗೂ ಪ್ರಸಿದ್ಧವಾಗಿವೆ. ಈ ದಿನಗಳಲ್ಲಿ ಪೋಲೆಂಡಿನ ಲೇಖಕ ಹಾಗೂ ಪತ್ರಕರ್ತ ಅಲೆಕ್ಸಾಂಡರ್ ಯಾಂತಾ ಅವರು ಅವರಿಗೆ ಆಪ್ತರಾಗಿ, ಪ್ರವಾಸಕ್ಕೆ ನೆರವಾದರು. ಯಾಂತಾ ಅವರ ಮೂಲಕ ಯುರೋಪಿನ ಸಂಪರ್ಕ ಬೆಳೆದು, ರಾಮ್ ಗೋಪಾಲ್ ಅವರು ವಾರ್ಸಾ ಮತ್ತು ಪ್ಯಾರಿಸ್ ನಗರಗಳಲ್ಲಿ ನರ್ತಿಸಿದರು. ಪೋಲೆಂಡಿನ ವಿಮರ್ಶಕ ತಾದೇವುಷ್ ಜೆಲೆನ್‌ಸ್ಕಿ ಅವರು ರಾಮ್ ಗೋಪಾಲ್ ಅವರನ್ನು ರಷ್ಯಾದ ಮಹಾನ್ ನರ್ತಕ ನಿಜಿನ್‌ಸ್ಕಿಗೆ ಹೋಲಿಸಿದರು. ಈ ಹೋಲಿಕೆಯು ಅವರ ಹೆಸರಿನೊಂದಿಗೆ ಕೊನೆಯವರೆಗೂ ಉಳಿದುಕೊಂಡಿತು.

ಗುರುಗಳು

ರಾಮ್ ಗೋಪಾಲ್ ಅವರ ನೃತ್ಯ ಸಂಯೋಜನೆಗೆ ಆಧಾರವಾದುದು ಅವರು ಪಡೆದ ಶಾಸ್ತ್ರೀಯ ಶಿಕ್ಷಣ. ಉದಯ ಶಂಕರ್ ಅವರು ಯಾವುದೇ ಒಂದು ಶೈಲಿಗೆ ಕಟ್ಟುಬೀಳದೆ ತಮ್ಮದೇ ಚಲನೆಗಳನ್ನು ಸೃಷ್ಟಿಸಿಕೊಂಡರು. ರಾಮ್ ಗೋಪಾಲ್ ಅವರು ಇದಕ್ಕಿಂತ ಭಿನ್ನವಾಗಿ, ಶೈಲಿಗಳ ವ್ಯಾಕರಣವನ್ನು ಉಳಿಸಿಕೊಂಡು ಅವುಗಳ ಪ್ರಸ್ತುತಿಯನ್ನು ಮಾತ್ರ ಬದಲಿಸಲು ಯತ್ನಿಸಿದರು. ಇದಕ್ಕಾಗಿ ಅವರು ಆಯಾ ಶೈಲಿಯ ಸಮರ್ಥ ಗುರುಗಳನ್ನೇ ಆಶ್ರಯಿಸಿದರು.

ಕಥಕಳಿ: ಕೇರಳದ ಕುಂಜು ಕುರುಪ್ ಅವರು ಕಥಕಳಿಯ ಅಭಿನಯದಲ್ಲಿ ಹೆಸರಾದ ಕಲಾವಿದರು. ಕಣ್ಣು, ಹುಬ್ಬು ಮತ್ತು ಕೆನ್ನೆಗಳ ಸೂಕ್ಷ್ಮ ಚಲನೆಗಳಿಂದ ರಸವನ್ನು ವ್ಯಕ್ತಪಡಿಸುವ ಕ್ರಮವನ್ನೂ ಹಸ್ತಮುದ್ರೆಗಳ ಭಾಷೆಯನ್ನೂ ಕಲಿಸುವ ಈ ಕಲೆಯನ್ನು ರಾಮ್ ಗೋಪಾಲ್ ಅವರು ಇವರಿಂದ ಅಭ್ಯಾಸ ಮಾಡಿದರು. ಪುರುಷರೇ ನಿರ್ವಹಿಸುತ್ತ ಬಂದ ಕಥಕಳಿಯ ಶಕ್ತಿಯುತ ನಿಲುವುಗಳು ಅವರ ನೃತ್ಯಕ್ಕೆ ಗಟ್ಟಿತನವನ್ನು ತಂದವು.

ಭರತನಾಟ್ಯ: ತಂಜಾವೂರು ಜಿಲ್ಲೆಯ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೈ (1869–1954) ಅವರು ತಂಜಾವೂರಿನ ನಾಲ್ವರು ಸಹೋದರರ ವಂಶಪರಂಪರೆಗೆ ಸೇರಿದ ನಟ್ಟುವನಾರರು. ಆ ಸಹೋದರರಲ್ಲಿ ಹಿರಿಯರಾದ ಚಿನ್ನಯ್ಯನವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಆಸ್ಥಾನದಲ್ಲಿದ್ದುದರಿಂದ ಈ ಪರಂಪರೆಗೂ ಕರ್ನಾಟಕಕ್ಕೂ ಹಳೆಯ ಸಂಬಂಧವಿದೆ. ರುಕ್ಮಿಣಿದೇವಿ ಮತ್ತು ಮೃಣಾಲಿನಿ ಅವರಂತೆ ರಾಮ್ ಗೋಪಾಲ್ ಅವರೂ ಪಿಳ್ಳೈಯವರ ಶಿಷ್ಯರಾದರು. ಸ್ತ್ರೀಯರು ರಂಗದ ಮೇಲೆ ನರ್ತಿಸುವುದು, ಪುರುಷರು ತಾಳ ಹಿಡಿದು ನಟ್ಟುವಾಂಗ ನಡೆಸುವುದು ಆ ಸಂಪ್ರದಾಯದ ಪದ್ಧತಿಯಾಗಿತ್ತು. ಅಂತಹ ಕಲೆಯನ್ನು ಪುರುಷನೊಬ್ಬನು ರಂಗದಲ್ಲಿ ನರ್ತಿಸಲು ಕಲಿಯುವುದೂ, ಹಿರಿಯ ಗುರುವೊಬ್ಬರು ಅದನ್ನು ಕಲಿಸಲು ಒಪ್ಪುವುದೂ ಆ ಕಾಲಕ್ಕೆ ಗಮನಾರ್ಹ ಸಂಗತಿಗಳು.

ಕಥಕ್: ಜೈಪುರ ಘರಾನೆಯ ಸೋಹನ್‌ಲಾಲ್ ಅವರಿಂದ ಉತ್ತರ ಭಾರತದ ಕಥಕ್ ನೃತ್ಯದ ಪರಿಚಯ ಪಡೆದರು. ಸೋಹನ್‌ಲಾಲ್ ಅವರು ಮುಂದೆ ರಾಮ್ ಗೋಪಾಲ್ ಅವರ ಬೆಂಗಳೂರಿನ ಶಾಲೆಯಲ್ಲಿ ಬೋಧಕರಾಗಿಯೂ ಕೆಲಸ ಮಾಡಿದರು. ಕಥಕ್ ಬಗ್ಗೆ ದಕ್ಷಿಣದಲ್ಲಿ ಹೆಚ್ಚಿನ ಪರಿಚಯವಿಲ್ಲದಿದ್ದ ದಿನಗಳಲ್ಲಿ ಬೆಂಗಳೂರಿನ ಮಕ್ಕಳಿಗೆ ಅದನ್ನು ಕಲಿಯುವ ಅವಕಾಶ ಈ ಶಾಲೆಯಿಂದ ದೊರೆಯಿತು.

ಲಂಡನ್ ಪ್ರದರ್ಶನ (1939)

1939ರಲ್ಲಿ ರಾಮ್ ಗೋಪಾಲ್ ಅವರು ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ ಪ್ರದರ್ಶನ ನೀಡಿ ಅಪಾರ ಜನಪ್ರಿಯತೆಯನ್ನು ಗಳಿಸಿದರು. ಶಿವನ ಸಂಧ್ಯಾನೃತ್ಯವನ್ನು ಆಧರಿಸಿದ ಅಸ್ತಮಾನದ ಸೂರ್ಯನ ನೃತ್ಯ ಹಾಗೂ ವಿಶಾಲವಾದ ರೆಕ್ಕೆಗಳ ಉಡುಪು ಧರಿಸಿ ನರ್ತಿಸುತ್ತಿದ್ದ ಗರುಡ ನೃತ್ಯ ಅವರ ಪ್ರಸಿದ್ಧ ಸಂಯೋಜನೆಗಳಾಗಿದ್ದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಯುರೋಪಿನ ಬಾಗಿಲುಗಳು ಮುಚ್ಚಿದುದರಿಂದ ಯುದ್ಧದ ವರ್ಷಗಳಲ್ಲಿ ಅವರ ಕಾರ್ಯಕ್ಷೇತ್ರ ಭಾರತವೇ ಆಯಿತು.

ಬೆಂಗಳೂರಿನ ನೃತ್ಯಶಾಲೆ ಮತ್ತು ತಂಡ

ಯುದ್ಧಕಾಲದಲ್ಲಿ ರಾಮ್ ಗೋಪಾಲ್ ಅವರು ಬೆಂಗಳೂರಿನ ಬೆನ್ಸನ್ ಟೌನ್ ಪ್ರದೇಶದಲ್ಲಿ ನೃತ್ಯಶಾಲೆಯನ್ನು ನಡೆಸಿದರು. ಇದು ಒಂದೇ ಶೈಲಿಯನ್ನು ಕಲಿಸುವ ಶಾಲೆಯಾಗಿರಲಿಲ್ಲ. ದಕ್ಷಿಣದ ಮತ್ತು ಉತ್ತರದ ನೃತ್ಯಪದ್ಧತಿಗಳ ಅಭ್ಯಾಸ ಇಲ್ಲಿ ಅಕ್ಕಪಕ್ಕದಲ್ಲಿಯೇ ನಡೆಯಿತು. ಇಲ್ಲಿ ದೊರೆತ ಸಹಕಲಾವಿದರೇ ಅವರ ತಂಡಕ್ಕೆ ಬಲವಾದರು.

ಈ ಕಾಲದ ಸಹನರ್ತಕಿಯರಲ್ಲಿ ಮೃಣಾಲಿನಿ ಅವರು ಮುಖ್ಯರು. ಕೇರಳ ಮೂಲದ ಸ್ವಾಮಿನಾಥನ್ ಕುಟುಂಬದ ಮಗಳಾದ ಮೃಣಾಲಿನಿ ಅವರು ಬೆಂಗಳೂರಿನಲ್ಲಿ ರಾಮ್ ಗೋಪಾಲ್ ಅವರೊಂದಿಗೆ ನರ್ತಿಸಿದರು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ನಡೆಸುತ್ತಿದ್ದ ವಿಕ್ರಮ್ ಸಾರಾಭಾಯಿ ಅವರ ಪರಿಚಯ ಮೃಣಾಲಿನಿಯವರಿಗೆ ಆದುದು ಇದೇ ನಗರದಲ್ಲಿ. 1942ರಲ್ಲಿ ಇವರ ವಿವಾಹ ನಡೆಯಿತು. ಬಳಿಕ ಮೃಣಾಲಿನಿ ಅವರ ಕಲಾಜೀವನದ ಕೇಂದ್ರ ಅಹಮದಾಬಾದ್ ಆಯಿತು.

ಪಂಜಾಬಿನ ತಾರಾ ಚೌಧರಿ ಅವರು ರಾಮ್ ಗೋಪಾಲ್ ಅವರೊಂದಿಗೆ ನರ್ತಿಸಿದ ಮತ್ತೊಬ್ಬ ಪ್ರಮುಖ ಕಲಾವಿದೆ. ಉತ್ತರ ಭಾರತದ ತರುಣಿಯೊಬ್ಬಳು ದಕ್ಷಿಣಕ್ಕೆ ಬಂದು ಭರತನಾಟ್ಯ ಕಲಿಯುವುದು, ದಕ್ಷಿಣದ ಮಕ್ಕಳು ಜೈಪುರದ ಗುರುವಿನಿಂದ ಕಥಕ್ ಕಲಿಯುವುದು ಪ್ರಾಂತಗಳ ಎಲ್ಲೆಯನ್ನು ದಾಟಿದ ಬೆಳವಣಿಗೆಗಳಾಗಿದ್ದವು. ಇಂದು ಸಹಜವೆನಿಸುವ ಈ ಕೊಡುಕೊಳೆ ಆಗಿನ್ನೂ ಆರಂಭದ ಹಂತದಲ್ಲಿತ್ತು.

ಇದೇ ಶಾಲೆಯಲ್ಲಿ ಸೋಹನ್‌ಲಾಲ್ ಅವರಿಂದ ಕಥಕ್‌ನ ಮೊದಲ ಪಾಠಗಳನ್ನು ಕಲಿತವರಲ್ಲಿ ಬೆಂಗಳೂರಿನ ಬಾಲಕಿ ಮಾಯಾ ರಾವ್ (1928–2014) ಅವರೂ ಒಬ್ಬರು. ಮುಂದೆ ಅವರು ನೃತ್ಯ ಸಂಯೋಜನೆಯನ್ನೇ ಪ್ರತ್ಯೇಕ ವಿಷಯವಾಗಿ ಕಲಿಸುವ ಸಂಸ್ಥೆಯೊಂದನ್ನು ಭಾರತದಲ್ಲಿ ರೂಪಿಸಿದರು.

ನೃತ್ಯ ಸಂಯೋಜನೆಯ ವಿಧಾನ

ಭರತನಾಟ್ಯದ ಸಾಂಪ್ರದಾಯಿಕ ಕಾರ್ಯಕ್ರಮದಲ್ಲಿ ಅಲಾರಿಪುವಿನಿಂದ ತಿಲ್ಲಾನದವರೆಗೆ ಒಬ್ಬಳೇ ನರ್ತಕಿ ನರ್ತಿಸುತ್ತಾಳೆ. ಅದರ ನಡುವೆ ಬರುವ ವರ್ಣವೊಂದೇ ಮುಕ್ಕಾಲು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ನಡೆಯಬಹುದು. ಕಥಕಳಿಯ ಆಟವು ರಾತ್ರಿ ಆರಂಭವಾಗಿ ಬೆಳಗಿನವರೆಗೆ ನಡೆಯುತ್ತದೆ. ಈ ಕಲೆಗಳ ಪದ್ಧತಿ ತಿಳಿದ ಪ್ರೇಕ್ಷಕರಿಗೆ ಆ ವಿಸ್ತಾರವೇ ಆಸ್ವಾದದ ಮೂಲ. ಸಾಹಿತ್ಯದ ಅರ್ಥ ತಿಳಿಯದ, ಎರಡು ಗಂಟೆಯ ಕಾರ್ಯಕ್ರಮಕ್ಕೆ ಟಿಕೆಟ್ ಕೊಂಡು ಬಂದ ವಿದೇಶಿ ಪ್ರೇಕ್ಷಕರ ಮುಂದೆ ಅದನ್ನು ಇದ್ದಂತೆಯೇ ಇರಿಸುವುದು ಕಷ್ಟವಾಗಿತ್ತು.

ರಾಮ್ ಗೋಪಾಲ್ ಅವರು ಇದಕ್ಕೆ ಕಂಡುಕೊಂಡ ದಾರಿ ಸಂಕ್ಷೇಪ. ದೀರ್ಘವಾದ ನೃತ್ಯಬಂಧಗಳನ್ನು ಕೆಲವೇ ನಿಮಿಷಗಳಿಗೆ ಇಳಿಸಿ, ಭಿನ್ನ ಶೈಲಿಗಳ ಚಿಕ್ಕ ನೃತ್ಯಗಳನ್ನು ಒಂದರ ನಂತರ ಒಂದರಂತೆ ಜೋಡಿಸಿದರು. ಏಕವ್ಯಕ್ತಿ ನೃತ್ಯ, ಜೋಡಿ ನೃತ್ಯ ಮತ್ತು ಸಮೂಹ ನೃತ್ಯಗಳು ಕ್ರಮವಾಗಿ ಬರುತ್ತಿದ್ದವು. ಹಾಡುಗಾರಿಕೆ ಮತ್ತು ವಾದ್ಯಸಂಗೀತಕ್ಕೆ ಭಾರತೀಯ ಕಲಾವಿದರೇ ಇದ್ದರು. ಕಿರೀಟ, ಆಭರಣ ಮತ್ತು ಉಡುಪುಗಳ ವಿನ್ಯಾಸಕ್ಕೆ ಅವರು ವಿಶೇಷ ಗಮನ ಕೊಡುತ್ತಿದ್ದರು. ರಂಗದ ಬೆಳಕನ್ನೂ ಸಂಯೋಜನೆಯ ಒಂದು ಭಾಗವನ್ನಾಗಿ ಮಾಡಿಕೊಂಡರು.

ಈ ವಿಧಾನದಲ್ಲಿ ಪ್ರತಿಯೊಬ್ಬ ಸಹಯೋಗಿಯ ಪಾಲೂ ಸ್ಪಷ್ಟವಾಗಿದೆ. ಅಡವು, ಮುದ್ರೆ ಮತ್ತು ತಾಳಗಳ ಶುದ್ಧಿ ಗುರುಗಳಿಂದ ಬಂದುದು. ರಂಗಮಂದಿರದ ಶಿಸ್ತನ್ನು ಲಾ ಮೇರಿಯವರೊಂದಿಗಿನ ಪ್ರವಾಸ ಕಲಿಸಿತು. ಜೋಡಿ ಮತ್ತು ಸಮೂಹ ನೃತ್ಯಗಳಿಗೆ ಸಮಾನ ತರಬೇತಿ ಪಡೆದ ಸಹನರ್ತಕಿಯರು ಬೇಕಾಗಿದ್ದರು. ಇವೆಲ್ಲವನ್ನೂ ಆಯ್ದು ಜೋಡಿಸಿ ಒಂದು ಪ್ರದರ್ಶನವಾಗಿಸಿದುದು ಸಂಯೋಜಕರಾಗಿ ರಾಮ್ ಗೋಪಾಲ್ ಅವರ ಸಾಧನೆ.

ಇಂತಹ ಪ್ರಸ್ತುತಿಯ ಬಗ್ಗೆ ಭಿನ್ನಾಭಿಪ್ರಾಯಗಳು ಇಲ್ಲದಿರಲಿಲ್ಲ. ನೃತ್ಯಬಂಧಗಳನ್ನು ಕಿರಿದುಗೊಳಿಸಿದಾಗ ಅಭಿನಯದ ವಿಸ್ತಾರ ಕಳೆದುಹೋಗುತ್ತದೆ, ವೇಷಭೂಷಣದ ವೈಭವವು ಕಲೆಯ ಮುಂದೆ ನಿಂತುಬಿಡುತ್ತದೆ ಎಂಬುದು ಸಂಪ್ರದಾಯನಿಷ್ಠರ ಆಕ್ಷೇಪ. ಶೈಲಿಯ ಶುದ್ಧಿಯನ್ನು ಕಾಯ್ದುಕೊಂಡೇ ಅಪರಿಚಿತ ಪ್ರೇಕ್ಷಕರಲ್ಲಿ ಆಸಕ್ತಿ ಹುಟ್ಟಿಸಿದುದು, ಪುರುಷರಿಗೂ ಶಾಸ್ತ್ರೀಯ ನೃತ್ಯದಲ್ಲಿ ಗೌರವದ ಸ್ಥಾನವಿದೆಯೆಂದು ತೋರಿಸಿಕೊಟ್ಟುದು ಅವರ ಕೊಡುಗೆ ಎಂಬುದು ಬೆಂಬಲಿಗರ ಅಭಿಪ್ರಾಯ. ಇಂದು ವಿದೇಶಗಳಲ್ಲಿ ನಡೆಯುವ ಭಾರತೀಯ ನೃತ್ಯದ ಕಾರ್ಯಕ್ರಮಗಳಲ್ಲಿ ಅನೇಕವು ಚಿಕ್ಕ ಬಂಧಗಳ ಈ ಮಾದರಿಯನ್ನೇ ಅನುಸರಿಸುತ್ತವೆ.

ಸ್ವಾತಂತ್ರ್ಯಾನಂತರದ ಪ್ರವಾಸಗಳು

ಯುದ್ಧ ಮುಗಿದು ಭಾರತವು 1947ರಲ್ಲಿ ಸ್ವತಂತ್ರವಾದ ಬಳಿಕ ರಾಮ್ ಗೋಪಾಲ್ ಅವರು ಮತ್ತೆ ತಂಡದೊಂದಿಗೆ ಯುರೋಪ್ ಮತ್ತು ಅಮೆರಿಕಗಳಲ್ಲಿ ಸಂಚರಿಸಿದರು. ಹೊಸದಾಗಿ ಸ್ವತಂತ್ರವಾದ ದೇಶದ ಸಂಸ್ಕೃತಿಯ ಬಗ್ಗೆ ಹೊರಗಿನವರಲ್ಲಿ ಕುತೂಹಲ ಮೂಡಿದ್ದ ಕಾಲವದು.

ಈ ಪ್ರವಾಸಗಳಲ್ಲಿ ತಂಡವನ್ನು ಸೇರಿಕೊಂಡ ತರುಣಿಯರಲ್ಲಿ ಕುಮುದಿನಿ (ಮುಂದೆ ಕುಮುದಿನಿ ಲಾಖಿಯಾ, 1930–2025) ಒಬ್ಬರು. ಇನ್ನೂ ಹದಿಹರೆಯದಲ್ಲಿಯೇ ಅವರು ರಾಮ್ ಗೋಪಾಲ್ ಅವರ ತಂಡದ ನರ್ತಕಿಯಾಗಿ ಪಾಶ್ಚಾತ್ಯ ದೇಶಗಳನ್ನು ಕಂಡರು. ಏಕವ್ಯಕ್ತಿ ಪ್ರದರ್ಶನವೇ ಮುಖ್ಯವಾಗಿದ್ದ ಕಥಕ್‌ಗೆ ಸಮೂಹ ಸಂಯೋಜನೆಯ ಹೊಸ ರೂಪವನ್ನು ಕೊಟ್ಟವರೆಂದು ಅವರು ನಂತರ ಪ್ರಸಿದ್ಧರಾದರು.

1956ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಉತ್ಸವದಲ್ಲಿ ತಾಜ್ ಮಹಲಿನ ಕಥೆಯನ್ನು ಆಧರಿಸಿದ ನೃತ್ಯರೂಪಕವನ್ನು ರಾಮ್ ಗೋಪಾಲ್ ಅವರ ತಂಡ ಪ್ರದರ್ಶಿಸಿತು. ಷಹಜಹಾನ್ ಮತ್ತು ಮುಮ್ತಾಜರ ಪ್ರೇಮವೇ ಇದರ ವಸ್ತು. ಚಿಕ್ಕ ಚಿಕ್ಕ ನೃತ್ಯಗಳ ಮಾಲೆಯಿಂದ ಒಂದೇ ಕಥೆಯನ್ನು ಹೇಳುವ ರೂಪಕಕ್ಕೆ ಸಾಗಿದ ಈ ಕೃತಿಯು ಅವರ ಸಂಯೋಜನೆಗಳಲ್ಲಿ ಬಹಳ ಪ್ರಸಿದ್ಧವಾದುದು.

ಈ ಅವಧಿಯಲ್ಲಿ ಅವರು ಕೆಲವು ಇಂಗ್ಲಿಷ್ ಚಲನಚಿತ್ರಗಳಲ್ಲಿಯೂ ನಟಿಸಿದರು. ಮಲಯಾದ ಹಿನ್ನೆಲೆಯ ದಿ ಪ್ಲಾಂಟರ್ಸ್ ವೈಫ್ (1952) ಹಾಗೂ ತಾಯಿಯ ನಾಡಾದ ಬರ್ಮಾದ ಯುದ್ಧಕಾಲದ ಕಥೆಯುಳ್ಳ ದಿ ಪರ್ಪಲ್ ಪ್ಲೇನ್ (1954) ಇವುಗಳಲ್ಲಿ ಸೇರಿವೆ.

ಅಲಿಸಿಯಾ ಮಾರ್ಕೋವಾ ಅವರೊಂದಿಗೆ ರಾಧಾ–ಕೃಷ್ಣ (1960)

ಅಲಿಸಿಯಾ ಮಾರ್ಕೋವಾ (1910–2004) ಅವರು ಇಂಗ್ಲೆಂಡಿನ ಅತ್ಯಂತ ಪ್ರಸಿದ್ಧ ಬ್ಯಾಲೆ ನರ್ತಕಿಯರಲ್ಲಿ ಒಬ್ಬರು. 1960ರಲ್ಲಿ ರಾಮ್ ಗೋಪಾಲ್ ಅವರು ಸಂಯೋಜಿಸಿದ ರಾಧಾ–ಕೃಷ್ಣ ಯುಗಳ ನೃತ್ಯದಲ್ಲಿ ಮಾರ್ಕೋವಾ ರಾಧೆಯಾಗಿಯೂ ರಾಮ್ ಗೋಪಾಲ್ ಕೃಷ್ಣನಾಗಿಯೂ ನರ್ತಿಸಿದರು.

ಎರಡು ನೃತ್ಯಪದ್ಧತಿಗಳ ದೇಹಭಾಷೆಗಳು ಮೂಲಭೂತವಾಗಿ ಭಿನ್ನವಾದವು. ಬ್ಯಾಲೆಯಲ್ಲಿ ದೇಹವು ನೆಲವನ್ನು ಬಿಟ್ಟು ಮೇಲಕ್ಕೆ ಚಿಮ್ಮುವಂತೆ, ಕಾಲ್ಬೆರಳ ತುದಿಯ ಮೇಲೆ ನಿಲ್ಲುವಂತೆ ತರಬೇತಿ ನೀಡಲಾಗುತ್ತದೆ. ಭರತನಾಟ್ಯದಲ್ಲಿ ಮಂಡಿ ಬಾಗಿಸಿದ ಅರಮಂಡಿಯ ನಿಲುವಿನಲ್ಲಿ ಪಾದವು ನೆಲವನ್ನು ಗಟ್ಟಿಯಾಗಿ ತಟ್ಟುತ್ತದೆ. ಕೈಬೆರಳುಗಳು ಮತ್ತು ಕಣ್ಣುಗಳು ಅರ್ಥವನ್ನು ಹೇಳುತ್ತವೆ. ಐವತ್ತರ ಸಮೀಪದ ವಯಸ್ಸಿನಲ್ಲಿದ್ದ ಇಬ್ಬರು ಹಿರಿಯ ಕಲಾವಿದರು ಈ ಅಂತರವನ್ನು ದಾಟಲು ನಡೆಸಿದ ಪ್ರಯತ್ನವು ನೃತ್ಯಲೋಕದ ಗಮನ ಸೆಳೆಯಿತು. ಪಾವ್ಲೋವಾ ಮತ್ತು ಉದಯ ಶಂಕರ್ ಅವರ 1923ರ ಕೃತಿಯ ವಸ್ತುವೂ ಇದೇ ಆಗಿತ್ತು. ಅಂದು ಉದಯ ಶಂಕರ್ ಅವರು ನೃತ್ಯದ ಕ್ರಮಬದ್ಧ ಶಿಕ್ಷಣ ಪಡೆದಿರದ ಚಿತ್ರಕಲೆಯ ವಿದ್ಯಾರ್ಥಿ. 1960ರ ಕೃತಿಯಲ್ಲಿ ಶಾಸ್ತ್ರೀಯ ಗುರುಗಳ ಬಳಿ ಕಲಿತ ಅನುಭವಿ ಸಂಯೋಜಕರಿದ್ದರು.

ನಂತರದ ಜೀವನ

ರಾಮ್ ಗೋಪಾಲ್ ಅವರು ತಮ್ಮ ಉತ್ತರಾರ್ಧದ ಜೀವನವನ್ನು ಮುಖ್ಯವಾಗಿ ಯುರೋಪಿನಲ್ಲಿ ಕಳೆದರು. 1960ರ ದಶಕದಲ್ಲಿ ಲಂಡನ್ನಿನಲ್ಲಿ ಭಾರತೀಯ ನೃತ್ಯ ಮತ್ತು ಸಂಗೀತದ ಶಾಲೆಯೊಂದನ್ನು ಆರಂಭಿಸಿದರಾದರೂ ಅದು ಬಹುಕಾಲ ನಡೆಯಲಿಲ್ಲ. ಬೆಂಗಳೂರಿನ ಶಾಲೆಯೂ ಅವರ ಸತತ ಪ್ರವಾಸಗಳ ನಡುವೆ ಶಾಶ್ವತ ಸಂಸ್ಥೆಯಾಗಿ ಬೆಳೆಯಲಿಲ್ಲ.

ಕಲಾಕ್ಷೇತ್ರ ಮತ್ತು ಕಲಾಮಂಡಲಂಗಳಿಗೆ ಗುರುಗಳು ನೆಲೆಸಿ ಪಾಠ ಹೇಳುವ ಆವರಣ, ಕ್ರಮಬದ್ಧವಾದ ಪಠ್ಯ ಮತ್ತು ಆಡಳಿತದ ವ್ಯವಸ್ಥೆ ಇದ್ದವು. ರಾಮ್ ಗೋಪಾಲ್ ಅವರ ತಂಡವು ಪ್ರದರ್ಶನಗಳನ್ನೂ ಅವುಗಳ ಕೇಂದ್ರದಲ್ಲಿದ್ದ ಒಬ್ಬ ನರ್ತಕನನ್ನೂ ಅವಲಂಬಿಸಿತ್ತು. ಆ ನರ್ತಕನ ದೇಹಕ್ಕೆ ವಯಸ್ಸಾದಾಗ ತಂಡವೂ ಮರೆಯಾಯಿತು. ಅವರ ಪ್ರದರ್ಶನಗಳನ್ನು ನೋಡಿದ ತಲೆಮಾರು ಕಳೆದಂತೆ ಹುಟ್ಟೂರಾದ ಬೆಂಗಳೂರಿನಲ್ಲಿಯೂ ಅವರ ಹೆಸರಿನ ಪರಿಚಯ ಕಡಿಮೆಯಾಯಿತು.

ಗೌರವಗಳು ಬಂದುದು ಇಳಿವಯಸ್ಸಿನಲ್ಲಿ. 1990ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯು ತನ್ನ ಅತ್ಯುನ್ನತ ಗೌರವವಾದ ಫೆಲೋಶಿಪ್ಪನ್ನು ಅವರಿಗೆ ನೀಡಿತು. 1999ರಲ್ಲಿ ಬ್ರಿಟಿಷ್ ಸರ್ಕಾರವು ಒ.ಬಿ.ಇ. ಪದವಿಯನ್ನು ನೀಡಿ ಗೌರವಿಸಿತು. ಅಕ್ಟೋಬರ್ 12, 2003ರಂದು ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಪ್ರದೇಶದಲ್ಲಿ ಅವರು ನಿಧನರಾದರು.

ಪರಂಪರೆ

ರಾಮ್ ಗೋಪಾಲ್ ಅವರ ಪ್ರಭಾವವನ್ನು ಅವರ ಸಹಕಲಾವಿದರು ಮತ್ತು ಅವರ ಶಾಲೆಯಲ್ಲಿ ಕಲಿತವರು ಮುಂದೆ ಕಟ್ಟಿದ ಸಂಸ್ಥೆಗಳಲ್ಲಿ ಗುರುತಿಸಬಹುದು.

ಮೃಣಾಲಿನಿ ಸಾರಾಭಾಯಿ (1918–2016) ಅವರು 1949ರಲ್ಲಿ ಅಹಮದಾಬಾದಿನಲ್ಲಿ ದರ್ಪಣ ಅಕಾಡೆಮಿಯನ್ನು ಸ್ಥಾಪಿಸಿದರು. ಕಥಕಳಿಯ ತಂತ್ರವನ್ನು ಬಳಸಿ ಮನುಷ್ಯನ ಜನನದಿಂದ ಮರಣದವರೆಗಿನ ಬದುಕನ್ನು ಚಿತ್ರಿಸಿದ ಮನುಷ್ಯ ಎಂಬ ನೃತ್ಯರೂಪಕವು ಅವರ ಆರಂಭದ ಪ್ರಸಿದ್ಧ ಕೃತಿ. ಮುಂದೆ ಅವರು ಸಾಮಾಜಿಕ ಸಮಸ್ಯೆಗಳನ್ನೂ ನೃತ್ಯದ ವಸ್ತುವನ್ನಾಗಿ ಮಾಡಿಕೊಂಡರು.

ಕುಮುದಿನಿ ಲಾಖಿಯಾ ಅವರು 1960ರ ದಶಕದಲ್ಲಿ ಅಹಮದಾಬಾದಿನಲ್ಲಿ ಕದಂಬ ಸಂಸ್ಥೆಯನ್ನು ಸ್ಥಾಪಿಸಿದರು. ಪೌರಾಣಿಕ ಕಥೆಯ ಆಸರೆಯಿಲ್ಲದೆ ಲಯ, ಚಲನೆ ಮತ್ತು ರಂಗದ ಅವಕಾಶಗಳನ್ನೇ ಮುಖ್ಯವಾಗಿಸಿ ಅವರು ಸಂಯೋಜಿಸಿದ ಧಬ್‌ಕಾರ್, ಅತಃ ಕಿಮ್ ಮೊದಲಾದ ಕೃತಿಗಳು ಸಮಕಾಲೀನ ಕಥಕ್‌ಗೆ ನಾಂದಿ ಹಾಡಿದವು.

ಮಾಯಾ ರಾವ್ ಅವರು ಸೋಹನ್‌ಲಾಲ್ ಅವರ ನಂತರ ಶಂಭು ಮಹಾರಾಜರ ಬಳಿ ಕಥಕ್ ಅಭ್ಯಾಸವನ್ನು ಮುಂದುವರಿಸಿದರು. 1960ರ ದಶಕದ ಆರಂಭದಲ್ಲಿ ಮಾಸ್ಕೋದಲ್ಲಿ ನೃತ್ಯ ಸಂಯೋಜನೆಯ ಶಿಕ್ಷಣ ಪಡೆದು ಬಂದ ಅವರು, ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಬೆಂಬಲದೊಂದಿಗೆ ದೆಹಲಿಯಲ್ಲಿ ನೃತ್ಯ ಸಂಯೋಜನೆಯ ಬೋಧನೆಗಾಗಿ ನಾಟ್ಯ ಇನ್‌ಸ್ಟಿಟ್ಯೂಟನ್ನು ಕಟ್ಟಿದರು. 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. 2013ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಅವರ ಮಗಳು ಮಧು ನಟರಾಜ್ ಅವರು 1995ರಲ್ಲಿ ಬೆಂಗಳೂರಿನಲ್ಲಿ ಸ್ಟೆಮ್ ಡಾನ್ಸ್ ಕಂಪನಿ ಎಂಬ ಸಮಕಾಲೀನ ನೃತ್ಯ ತಂಡವನ್ನು ಸ್ಥಾಪಿಸಿದರು. ಹೀಗೆ ಬೆನ್ಸನ್ ಟೌನಿನ ಶಾಲೆಯಲ್ಲಿ ಆರಂಭವಾದ ಪಾಠವು ದೆಹಲಿ ಮತ್ತು ಮಾಸ್ಕೋಗಳನ್ನು ಸುತ್ತಿ ಮರಳಿ ಬೆಂಗಳೂರಿನಲ್ಲಿ ನೆಲೆಗೊಂಡಿತು.

ಕೃತಿಗಳು

ರಾಮ್ ಗೋಪಾಲ್ ಅವರು ಇಂಗ್ಲಿಷ್ ಭಾಷೆಯಲ್ಲಿ ಎರಡು ಪುಸ್ತಕಗಳನ್ನು ಪ್ರಕಟಿಸಿದ್ದಾರೆ.

ಇಂಡಿಯನ್ ಡಾನ್ಸಿಂಗ್ (1951): ಸೆರೋಜ್ ದಾದಾಚಾಂಜಿ ಅವರೊಂದಿಗೆ ಸೇರಿ ಬರೆದ, ಭಾರತೀಯ ನೃತ್ಯಪದ್ಧತಿಗಳನ್ನು ಪರಿಚಯಿಸುವ ಗ್ರಂಥ.

ರಿದಮ್ ಇನ್ ದ ಹೆವನ್ಸ್ (1957): ಆತ್ಮಕಥೆ.

ಪ್ರಮುಖ ನೃತ್ಯ ಸಂಯೋಜನೆಗಳು

ಅಸ್ತಮಾನದ ಸೂರ್ಯನ ನೃತ್ಯ
ಗರುಡ ನೃತ್ಯ
ಭಾರತದ ನೃತ್ಯಗಳು
ತಾಜ್ ಮಹಲಿನ ಕಥೆ (1956ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ಪ್ರದರ್ಶನ)
ರಾಧಾ–ಕೃಷ್ಣ (1960, ಅಲಿಸಿಯಾ ಮಾರ್ಕೋವಾ ಅವರೊಂದಿಗೆ)

ಗೌರವಗಳು

1990: ಸಂಗೀತ ನಾಟಕ ಅಕಾಡೆಮಿ ಫೆಲೋಶಿಪ್
1999: ಬ್ರಿಟಿಷ್ ಸರ್ಕಾರದ ಒ.ಬಿ.ಇ. ಪದವಿ